ಪಶ್ಚಿಮಿ ಸ್ಟಾರ್ ರೆಕಾರ್ಡಿಗೆ ಸೇರಿಸುವ ಕೆಲಸ: ಎಲ್ಲಿಯವರೆಗೆ ಬಂತು

ಎಲ್ಲಿಂದ ಶುರು

1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ನಾನು ಶಕರ್‌ಗಢ ಸೆಕ್ಟರ್‌ನಲ್ಲಿದ್ದೆ. ಆಗಿನ್ನೂ ಸಿಪಾಯಿ, ಟ್ರೇಡು ಡ್ರೈವರ್ ಎಂ.ಟಿ., ಅಂದರೆ ಫೌಜಿನ ಗಾಡಿ ಓಡಿಸುವವನು. 1969ರಲ್ಲಿ ಭರ್ತಿಯಾದವನು, 1986ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಸೇವೆ ಮುಗಿದಾಗ ಕೊಟ್ಟ ನನ್ನ ಡಿಸ್ಚಾರ್ಜ್ ಬುಕ್ಕಿನ ಮೆಡಲ್ ಕಾಲಂನಲ್ಲಿ ಸಂಗ್ರಾಮ್ ಮೆಡಲ್ ಇದೆ, 25ನೇ ಸ್ವಾತಂತ್ರ್ಯೋತ್ಸವದ ಮೆಡಲ್ ಇದೆ, ಒಂಬತ್ತು ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇದೆ. ಪಶ್ಚಿಮಿ ಸ್ಟಾರ್ ಇಲ್ಲ.

ಫೌಜಿನ ಪರಿಚಯ ಇಲ್ಲದವರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ಸಂಗ್ರಾಮ್ ಮೆಡಲ್ ಆ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದ ಬಹಳ ಜನರಿಗೆ ಬಂತು. ಪಶ್ಚಿಮಿ ಸ್ಟಾರ್ ಹಾಗಲ್ಲ, ಅದು ಪಶ್ಚಿಮದ ಯುದ್ಧಭೂಮಿಯಲ್ಲೇ ಇದ್ದವರಿಗೆ. ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. ಎರಡೂ ಶೌರ್ಯ ಪದಕ ಅಲ್ಲ. ನಾನು ಶೂರ ಅಂತ ಯಾರೂ ಬರೆದುಕೊಡಬೇಕಾಗಿಲ್ಲ. ನಾನು ಅಲ್ಲಿದ್ದೆ ಅನ್ನೋದು ಬರೆದಿರಬೇಕು, ಅಷ್ಟೇ.

ಶಕರ್‌ಗಢ ಅಂದರೆ ರಾವಿ ಮತ್ತು ಚೆನಾಬ್ ನದಿಗಳ ನಡುವೆ ನಮ್ಮ ಕಡೆಗೆ ಚಾಚಿಕೊಂಡಿರುವ ಪಾಕಿಸ್ತಾನದ ನೆಲ. ಬಸಂತರ್ ನದಿಯ ಹತ್ತಿರ ಸ್ಯಾಪರ್‌ಗಳು, ಅಂದರೆ ಫೌಜಿನ ಇಂಜಿನಿಯರ್ ದಳದವರು, ನೆಲದಲ್ಲಿ ಹುಗಿದ ಮೈನ್ ತೆಗೆದು ದಾರಿ ಮಾಡಿದರು, ಟ್ಯಾಂಕುಗಳು ಆ ದಾರಿಯಲ್ಲಿ ದಾಟಿದವು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ 16ನೇ ಡಿಸೆಂಬರ್ ಪ್ರಾಣ ಕೊಟ್ಟಿದ್ದು ಅದೇ ಕಾಳಗದಲ್ಲಿ. ಅವರಿಗೂ ಮೇಜರ್ ಹೋಶಿಯಾರ್ ಸಿಂಗ್ ಅವರಿಗೂ ಪರಮ ವೀರ ಚಕ್ರ ಬಂತು. ನಮ್ಮದು ಅವರ ಹಿಂದೆ, ರಾತ್ರಿ ಹೆಡ್‌ಲೈಟ್ ಆರಿಸಿ ಮದ್ದುಗುಂಡು ಸಾಗಿಸುವ ಕೆಲಸ.

ತೊಂದರೆ ಆಗಿದ್ದು ಇಲ್ಲಿ. ನನ್ನ ಸ್ವಂತ ಯೂನಿಟ್ ಆಗ ಹಿಂದೆ ಬೇರೆ ಕಡೆ ಇತ್ತು. ನಮ್ಮಲ್ಲಿ ಕೆಲವು ಡ್ರೈವರ್‌ಗಳನ್ನು ಗಾಡಿ ಸಮೇತ ಬೇರೆ ಯೂನಿಟ್ಟಿಗೆ ಅಟ್ಯಾಚ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಸೇರಿಸಿ, ಮುಂದಕ್ಕೆ ಕಳಿಸಿದರು. ಯುದ್ಧ ಮುಗಿದು ವಾಪಸ್ ಬಂದೆವು. ಜೊತೆಯವರ ಬುಕ್ಕಿನಲ್ಲಿ ಆ ಸ್ಟಾರ್ ಏರಿತು, ನನ್ನದರಲ್ಲಿ ಏರಲಿಲ್ಲ. ಸೇವೆಯಲ್ಲಿದ್ದಾಗ ಕೇಳಿದ್ದೆ, "ಬರುತ್ತೆ" ಅಂದಿದ್ದರು.

ಮೊದಲು ಹೆಂಡತಿಯ ಹೆಸರು

ಈ ಕೆಲಸ ಈಗ ಕೈಗೆತ್ತಿಕೊಳ್ಳೋಕೆ ಕಾರಣ ಸ್ಟಾರ್ ಅಲ್ಲ. ಫೌಜಿನ ಪೆನ್ಷನ್ನಿನ ಆನ್‌ಲೈನ್ ಜಾಗವಾದ ಸ್ಪರ್ಶ್ ಪೋರ್ಟಲ್‌ನಲ್ಲಿ ಪೆನ್ಷನ್ ವಿವರ ಸರಿನೋಡಿ ಅಂತ ಬಂದಾಗ ಮೊಮ್ಮಗಳು ಕೂತು ಒಂದೊಂದೇ ಸಾಲು ಓದಿದಳು. ಹೆಂಡತಿಯ ಹೆಸರು ಅಲ್ಲಿ ಲಕ್ಷ್ಮೀದೇವಿ ಅಂತ ಇದೆ. ಅವಳ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲದರಲ್ಲೂ ಲಕ್ಷ್ಮಮ್ಮ. 1975ರಲ್ಲಿ ಮದುವೆ ಆಗಿ ರಜೆ ಮುಗಿಸಿ ಹೋದಾಗ ಕ್ಲಾರ್ಕ್ ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದು, ಅರ್ಧ ಶತಮಾನ ಹಾಗೇ ಉಳಿದಿದೆ.

ಹೆಂಡತಿ, "ನನ್ನದು ಆಮೇಲೆ ಆಗಲಿ, ಮೊದಲು ನಿಮ್ಮ ಸ್ಟಾರ್ ನೋಡಿ" ಅಂದಳು. ನಾನು ಒಪ್ಪಲಿಲ್ಲ. ನಾನು ಇಲ್ಲದ ಮೇಲೆ ಫ್ಯಾಮಿಲಿ ಪೆನ್ಷನ್ನಿಗೆ ಅವಳು ಒಬ್ಬಳೇ ಓಡಾಡಬೇಕು. ಆಗ ಎರಡು ಹೆಸರೂ ಒಬ್ಬಳದೇ ಅಂತ ಹೇಳೋಕೆ ನಾನಿರಲ್ಲ. ನಾನು ಬದುಕಿರುವಾಗ ನನ್ನ ಸಹಿಯಲ್ಲಿ ಆಗುವ ಕೆಲಸ, ಆಮೇಲೆ ಎಷ್ಟೋ ಪಟ್ಟು ಕಷ್ಟ. ರೆಕಾರ್ಡಿನಲ್ಲಿ ಎರಡು ತಪ್ಪಿದ್ದರೆ ಮೊದಲು ಹೆಂಡತಿ ಮಕ್ಕಳಿಗೆ ಸೇರಿದ್ದನ್ನು ಸರಿಮಾಡಿ ಅಂತ ನನ್ನ ಜೊತೆಯವರಿಗೆಲ್ಲ ಹೇಳುತ್ತಿದ್ದೇನೆ.

ಇದರ ದಾರಿ ಸ್ಪಷ್ಟವಾಗಿಯೇ ಇದೆ. ಎರಡೂ ಹೆಸರು ಒಬ್ಬಳದೇ ಅನ್ನೋ ಅಫಿಡವಿಟ್, ಆಧಾರ್ ಮತ್ತು ಪ್ಯಾನ್ ನಕಲು, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಓ (ಪೆನ್ಷನ್ ಪಾವತಿ ಆದೇಶ) ನಕಲು, ಇಬ್ಬರ ಜಂಟಿ ಫೋಟೋ. ಇವನ್ನು ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆ ಕಚೇರಿ ಮೂಲಕ ರೆಕಾರ್ಡ್ಸ್‌ಗೆ, ಅಂದರೆ ನಮ್ಮ ಸೇವಾ ದಾಖಲೆ ಇಡುವ ಫೌಜಿನ ಕಚೇರಿಗೆ, ಕಳಿಸಿದೆ. ರೆಕಾರ್ಡ್ಸ್‌ನವರು ಪಾರ್ಟ್ ಟೂ ಆರ್ಡರ್ ಹೊರಡಿಸಿ ಕಾಗದ ಮುಂದಕ್ಕೆ ಕಳಿಸಿದರು. ತಿದ್ದುಪಡಿ ಆದ ಪಿಪಿಓ, ಅಂದರೆ ಕಾರಿಜೆಂಡಮ್, ಬಂದಿದೆ. ಪೋರ್ಟಲ್‌ನಲ್ಲೂ ಈಗ ಲಕ್ಷ್ಮಮ್ಮ ಅಂತಲೇ ಇದೆ. ಈ ಭಾಗ ಮುಗಿಯಿತು.

ಪಾರ್ಟ್ ಟೂ ಆರ್ಡರ್ ಅನ್ನೋದು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಒಬ್ಬ ಸೈನಿಕನ ಜೀವನದಲ್ಲಿ ನಡೆಯುವ ಪ್ರತಿಯೊಂದೂ, ರಜೆ, ಬದಲಿ, ಅಟ್ಯಾಚ್‌ಮೆಂಟ್, ಪ್ರಮೋಷನ್, ಮದುವೆ, ಮಗು ಹುಟ್ಟಿದ್ದು, ಆಸ್ಪತ್ರೆ ಸೇರಿದ್ದು, ಮೆಡಲ್ ಸಿಕ್ಕಿದ್ದು, ಎಲ್ಲಾ ಪಾರ್ಟ್ ಟೂ ಆರ್ಡರ್‌ನಲ್ಲಿ ಛಾಪಾಗಬೇಕು. ಆ ಆರ್ಡರ್ ನೋಡಿ ರೆಕಾರ್ಡ್ಸ್‌ನ ಕ್ಲಾರ್ಕ್ ನಮ್ಮ ಶೀಟ್ ರೋಲ್‌ನಲ್ಲಿ ನಮೂದು ಮಾಡುತ್ತಾನೆ. ಶೀಟ್ ರೋಲೇ ನಮ್ಮ ಸೇವೆಯ ಪೂರ್ತಿ ಕಥೆ. ಡಿಸ್ಚಾರ್ಜ್ ಬುಕ್ಕಿಗೆ ಅಲ್ಲಿಂದಲೇ ಇಳಿಸಿ ಕೊಡೋದು.

ಹಾಗಾಗಿ ಆರ್ಡರ್‌ನಲ್ಲಿ ಬಾರದ್ದು ಕಾಗದದ ಮಟ್ಟಿಗೆ ನಡೆದೇ ಇಲ್ಲ. ನಾನು ಹತ್ತು ಪುಟ ನೆನಪು ಬರೆದುಕೊಟ್ಟರೂ ರೆಕಾರ್ಡ್ಸ್‌ನ ಕ್ಲಾರ್ಕ್ ಅದನ್ನು ನೋಡಿ ಶೀಟ್ ರೋಲ್ ತಿದ್ದೋ ಹಾಗಿಲ್ಲ. ಅವನು ಮೊಂಡ ಅಂತಲ್ಲ. ಯಾರು ಬೇಕಾದರೂ ಬಂದು ನಾನೂ ಅಲ್ಲಿದ್ದೆ ಅಂದರೆ ನಂಬೋಕಾಗಲ್ಲ, ಅಲ್ವಾ? ಅವನಿಗೆ ಬೇಕಾಗಿರೋದು ಆ ಕಾಲದ್ದೇ ಕಾಗದ. ನನ್ನ ಕೆಲಸ ಅದನ್ನು ಹುಡುಕಿ ಅವನ ಮೇಜಿನ ಮೇಲೆ ಇಡೋದು.

ಇನ್ನೊಂದು ಮಾತು. ಪೆನ್ಷನ್ ಇಲ್ಲದೆ ಬೇಗ ಮನೆಗೆ ಬಂದವರ ಸರ್ವಿಸ್ ದಾಖಲೆಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವ ನಿಯಮ ಇದೆ. ಅಂಥವರಿಗೆ ಉಳಿಯೋದು ಲಾಂಗ್ ರೋಲ್ ಅನ್ನೋ ರಿಜಿಸ್ಟರ್‌ನ ಒಂದೆರಡು ಸಾಲು. ಅವರು ತಮ್ಮ ಹತ್ತಿರ ಇರುವ ಹಳೇ ಚೀಟಿಯನ್ನೂ ಎಸೆಯಬಾರದು. ನಾನು ಪೆನ್ಷನರ್, ನನ್ನ ಶೀಟ್ ರೋಲ್ ಇನ್ನೂ ಇದೆ. ಅದು ನನ್ನ ಪುಣ್ಯ.

ಟ್ರಂಕಿನಲ್ಲಿ ಸಿಕ್ಕಿದ್ದು

ಅಣ್ಣನ ಮನೆಯ ಅಟ್ಟದಲ್ಲಿ ಅಪ್ಪನ ಹಳೇ ಟ್ರಂಕು ಇತ್ತು. ಜಮೀನಿನ ಪತ್ರಗಳ ಅಡಿಯಲ್ಲಿ ನಾನು ಬರೆದ ಇನ್‌ಲ್ಯಾಂಡ್ ಲೆಟರ್‌ಗಳನ್ನು ಅಪ್ಪ ದಾರ ಕಟ್ಟಿ ಇಟ್ಟಿದ್ದರು. ಒಂದರ ಮೇಲೆ ಫೀಲ್ಡ್ ಪೋಸ್ಟ್ ಆಫೀಸಿನ ದುಂಡು ಮುದ್ರೆ ಇದೆ. ಅರ್ಧ ಮಾಸಿದೆ, ಆದರೆ ಭೂತಗನ್ನಡಿ ಹಿಡಿದರೆ ತಿಂಗಳೂ ವರ್ಷವೂ ಓದಬಹುದು: ಡಿಸೆಂಬರ್ 71. ಹಿಂದುಗಡೆ ಕಳಿಸಿದವರ ಜಾಗದಲ್ಲಿ ನನ್ನದೇ ಕೈಬರಹ. ನಂಬರ್, ರ‍್ಯಾಂಕ್, ಹೆಸರು, ಅದರ ಕೆಳಗೆ ನನ್ನ ಸ್ವಂತ ಯೂನಿಟ್ ಅಲ್ಲ, ಅಟ್ಯಾಚ್ ಆಗಿದ್ದ ಯೂನಿಟ್ಟಿನ ಹೆಸರು, ಕೇರ್ ಆಫ್ 56 ಎಪಿಓ.

ಒಳಗೆ ಬರೆದಿರೋದು ಬರೀ ಕ್ಷೇಮ ಸಮಾಚಾರ. ಎಲ್ಲಿದ್ದೇವೆ ಅಂತ ಬರೆಯೋ ಹಾಗಿರಲಿಲ್ಲ. ಆದರೂ ಈ ಕಾಗದ ಎರಡು ವಿಷಯ ಹೇಳುತ್ತೆ. 56 ಎಪಿಓ ಪಶ್ಚಿಮದ ಕಡೆಯ ಫೌಜಿನ ಅಂಚೆ, ಪೂರ್ವದ್ದು 99. ಮತ್ತೆ ಆ ತಿಂಗಳು ನಾನು ಯಾವ ಯೂನಿಟ್ಟಿನ ಲೆಕ್ಕದಲ್ಲಿ ಊಟ ಮಾಡುತ್ತಿದ್ದೆ ಅನ್ನೋದು. ಆದರೆ ಇದೊಂದರಿಂದಲೇ ಸ್ಟಾರ್ ಬರಲ್ಲ, ಯಾಕಂದರೆ ವಿಳಾಸ ಬರೆದವನು ನಾನೇ.

ಆ ಯೂನಿಟ್ಟಿನ ವಾರ್ ಡೈರಿ, ಅಂದರೆ ಯುದ್ಧದಲ್ಲಿ ಯೂನಿಟ್ ದಿನದಿನವೂ ಬರೆದಿಡುವ ದಾಖಲೆ, ಕೇಳೋಣ ಅಂತಲೂ ಯೋಚನೆ ಇತ್ತು. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ತಂದಿತು. ಅದರ ಪ್ರಕಾರ ವಾರ್ ಡೈರಿಗಳು ಸಚಿವಾಲಯದ ಇತಿಹಾಸ ವಿಭಾಗಕ್ಕೆ ಹೋಗಬೇಕು, ಸಾಮಾನ್ಯವಾಗಿ 25 ವರ್ಷದಲ್ಲಿ ಅವುಗಳ ಗೌಪ್ಯತೆ ತೆಗೆಯಬೇಕು. ಒಳ್ಳೆ ಕೆಲಸ. ಆದರೆ ಯೂನಿಟ್ ಎಲ್ಲಿತ್ತು ಅನ್ನೋದು ಡೈರಿಯಲ್ಲಿ ಸಿಗುತ್ತೆ, ಅಟ್ಯಾಚ್ ಆದ ಒಬ್ಬ ಡ್ರೈವರ್ ಹೆಸರು ಸಿಗೋದು ಅನುಮಾನ. ಅದನ್ನು ಬದಿಗಿಟ್ಟೆ.

ಜೊತೆಗಾರನ ಬುಕ್ಕು

ದಾರಿ ತೆರೆದಿದ್ದು ಜೊತೆಗಾರನಿಂದ. ಅದೇ ಕಾನ್ವಾಯ್‌ನಲ್ಲಿ ನನ್ನ ಮುಂದಿನ ಗಾಡಿ ಅವನದು. ಫೋನಿನಲ್ಲಿ ವಿಷಯ ಹೇಳಿದರೆ ಅವನಿಗೆ ನಂಬಿಕೆಯೇ ಬರಲಿಲ್ಲ. "ಏನೋ, ನಿನಗೆ ಸಿಕ್ಕಿಲ್ವಾ? ಒಂದೇ ಲಿಸ್ಟಿನಲ್ಲಿ ಹೋಗಿದ್ದಲ್ವೇನೋ ನಮ್ಮ ಹೆಸರು!"

ಆ ಲಿಸ್ಟ್ ಅನ್ನೋ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವನಿಗೆ ಸ್ಟಾರ್ ಏರಿದೆ ಅಂದರೆ ಅವನ ಶೀಟ್ ರೋಲ್‌ನಲ್ಲಿ ಆ ನಮೂದಿನ ಪಕ್ಕ ಯಾವ ಪಾರ್ಟ್ ಟೂ ಆರ್ಡರ್, ಯಾವ ವರ್ಷದ್ದು ಅಂತ ಇರಲೇಬೇಕು. ಅವನು ತನ್ನ ದಾಖಲೆಯ ನಕಲನ್ನು ತಾನೇ ತರಿಸಿಕೊಂಡ, ಆರ್ಡರ್ ನಂಬರ್ ನನಗೆ ಓದಿ ಹೇಳಿದ. ಅವನ ಋಣ ದೊಡ್ಡದು.

ನಂಬರ್ ಕೈಯಲ್ಲಿದ್ದರೆ ಆರ್‌ಟಿಐ ಅರ್ಜಿ ನಾಲ್ಕು ಸಾಲಿನ ಕೆಲಸ. ಸುಮ್ನೆ "ನನಗೆ ಯಾಕೆ ಸ್ಟಾರ್ ಕೊಡಲಿಲ್ಲ" ಅಂತ ಕೇಳಿದರೆ ಉಪಯೋಗ ಕಮ್ಮಿ. ಆರ್‌ಟಿಐನಲ್ಲಿ ಸಿಗೋದು ದಾಖಲೆ, ವಿವರಣೆ ಅಲ್ಲ. ಇಂಥ ನಂಬರಿನ, ಇಂಥ ವರ್ಷದ ಆರ್ಡರ್‌ನಲ್ಲಿ ನನಗೆ ಸಂಬಂಧಪಟ್ಟ ಪುಟದ ನಕಲು ಕೊಡಿ, ಜೊತೆಗೆ ನನ್ನ ಶೀಟ್ ರೋಲ್‌ನ ಮೆಡಲ್ ಪುಟದ ನಕಲು ಕೊಡಿ ಅಂತ ಬರೆದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ನಕಲಿಗೆ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ ಕಾನೂನು ಕೊಡುವ ಅವಧಿ 30 ದಿನ.

ಪುಟ ಬಂತು

ಮಾಮೂಲಿ ಖಾಕಿ ಕವರ್. ಒಳಗೆ ಟೈಪ್ ಮಾಡಿದ ಹಳೇ ಪುಟದ ಝೆರಾಕ್ಸ್. ಬೇರೆಯವರ ವಿವರ ಕಪ್ಪು ಮಸಿಯಲ್ಲಿ ಮುಚ್ಚಿದ್ದಾರೆ, ಅದು ಸರಿಯೇ. ಮಧ್ಯದಲ್ಲಿ ಒಂದೇ ಒಂದು ಸಾಲು ಬಿಟ್ಟಿದ್ದಾರೆ. ಸಿಪಾಯಿ, ಡ್ರೈವರ್ ಎಂ.ಟಿ., ನನ್ನ ಹೆಸರು, ಪಶ್ಚಿಮಿ ಸ್ಟಾರ್.

ಅದರ ಎಡಗಡೆ ಇರುವ ಸೈನಿಕ ನಂಬರ್ ನನ್ನದಲ್ಲ. ಕೊನೆಯ ಎರಡು ಅಂಕಿ ಅದಲು ಬದಲಾಗಿವೆ.

ಮೊಮ್ಮಗಳು ಎರಡು ಸಲ ಓದಿ ನನ್ನ ಮುಖ ನೋಡಿದಳು. ಹೆಂಡತಿಯನ್ನು ಕರೆದು ತೋರಿಸಿದೆ. ನನಗೆ ಆಗ ಬಂದಿದ್ದು ಸಿಟ್ಟಲ್ಲ, ಸಮಾಧಾನ. ಅಂದರೆ ಆಗಿನ ನಮ್ಮ ಸಾಹೇಬರು ನನ್ನನ್ನು ಮರೆತಿರಲಿಲ್ಲ. ಹೆಸರು ಬರೆದು ಕಳಿಸಿದ್ದರು. ಟೈಪ್ ಮಾಡುವಾಗ ಎರಡು ಬೆರಳು ಹಿಂದೆ ಮುಂದೆ ಆಗಿದೆ. ಆ ನಂಬರ್ ಹಿಡಿದು ಹುಡುಕಿದ ಕ್ಲಾರ್ಕಿಗೆ ಆ ಹೆಸರಿನ ಶೀಟ್ ರೋಲ್ ಸಿಕ್ಕಿರಲ್ಲ, ನಮೂದು ಎಲ್ಲೂ ಏರದೆ ನಿಂತುಬಿಟ್ಟಿದೆ. ಇಷ್ಟು ವರ್ಷ ನಾನು ಅಲ್ಲಿರಲೇ ಇಲ್ಲ ಅಂತ ಬರೆದವರು ಯಾರೂ ಇಲ್ಲ.

ಸರಿಯಾದ ನಂಬರ್ ಯಾವುದು ಅಂತ ತೋರಿಸೋದು ಸುಲಭ. ಡಿಸ್ಚಾರ್ಜ್ ಬುಕ್ಕಿದೆ, ಪಿಪಿಓ ಇದೆ. ಅದಕ್ಕಿಂತ ನನಗೆ ಇಷ್ಟವಾದ ಸಾಕ್ಷಿ ಸಂಗ್ರಾಮ್ ಮೆಡಲ್. ನಮ್ಮ ಮೆಡಲ್‌ಗಳ ಅಂಚಿನಲ್ಲಿ ನಂಬರ್, ರ‍್ಯಾಂಕ್, ಹೆಸರು ಕೆತ್ತಿರುತ್ತಾರೆ. ಕಪ್ಪುಗಟ್ಟಿದ್ದ ಅಂಚನ್ನು ಮೆತ್ತಗೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಸುತ್ತ ತಿರುಗಿಸುತ್ತಾ ಮೊಮ್ಮಗಳು ಫೋಟೋ ತೆಗೆದಳು. ನನ್ನ ನಂಬರ್ ಅಂಕಿ ಅಂಕಿಯಾಗಿ ಸರಿಯಾಗಿದೆ. ಅದೇ ಯುದ್ಧದ ಮೆಡಲ್, ಅದೇ ಹೆಸರು, ಅದೇ ಟ್ರೇಡಿನವನು.

ಈಗ ಎಲ್ಲಿದೆ

ತಿದ್ದುಪಡಿ ಪಾರ್ಟ್ ಟೂ ಆರ್ಡರ್ ಹೊರಡಿಸಿ, ನನ್ನ ಶೀಟ್ ರೋಲ್‌ನಲ್ಲಿ ನಮೂದು ಮಾಡಿ, ಸ್ಟಾರ್ ಕೊಡಿ ಅಂತ ರೆಕಾರ್ಡ್ಸ್‌ಗೆ ಅರ್ಜಿ ಹೋಗಿದೆ. ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಕೇಳಿದ್ದೇನೆ, ಒಂದು ತಡವಾದರೂ ಇನ್ನೊಂದು ನಿಲ್ಲಬಾರದು ಅಂತ. ನಿಜ ಹೇಳಬೇಕು ಅಂದರೆ ನನಗೆ ನಮೂದೇ ಮುಖ್ಯ. ಲೋಹದ ಸ್ಟಾರ್ ಸ್ಟಾಕ್ ಇಲ್ಲ ಅಂದರೆ ಕಾಯುತ್ತೇನೆ.

ಅವರಿಂದ ಉತ್ತರ ಬಂದಿದೆ. ಈ ಸ್ಟಾರನ್ನು ಮೊದಲು ಪಡೆದಿಲ್ಲ ಅನ್ನೋ ಘೋಷಣೆ, ದೃಢೀಕರಿಸಿದ ಡಿಸ್ಚಾರ್ಜ್ ಬುಕ್ ನಕಲು, ಜೊತೆಗೆ ಸಾಧ್ಯವಾದರೆ ಆಗ ಜೊತೆಯಲ್ಲಿದ್ದವರ ಅಫಿಡವಿಟ್ ಕೇಳಿದ್ದಾರೆ. ಬೇಡ ಅಂದಿಲ್ಲ, ಕಾಗದ ಕೇಳಿದ್ದಾರೆ. ನನಗೆ ಅದು ಒಳ್ಳೆ ಸುದ್ದಿ.

ಆಗಲ್ಲ ಅಂತ ಬಂದರೆ ಮೇಲಿನ ಅಧಿಕಾರಿಗಳಿಗೆ ಬರೆಯುವುದು, ಅದಕ್ಕೂ ಮೇಲೆ 2007ರ ಕಾಯ್ದೆಯಲ್ಲಿ ಆದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಲ್ಲಿಗೆ ಹೋಗಬೇಕಾಗಿ ಬರಲ್ಲ ಅಂತ ನನ್ನ ನಂಬಿಕೆ. ಅವರದೇ ಆರ್ಡರ್ ಪುಟ ಅವರ ಮುಂದಿದೆ.

ಘೋಷಣೆ ಬರೆದಾಗಿದೆ. ಬುಕ್ಕಿನ ನಕಲಿಗೆ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸೀಲ್ ಬಿದ್ದಿದೆ. ಉಳಿದಿರೋದು ಜೊತೆಗಾರನ ಅಫಿಡವಿಟ್. ಅವನಿಗೆ ಬರುವ ತಿಂಗಳು ಕಣ್ಣಿನ ಆಪರೇಷನ್. ಹಾಗಾಗಿ ಅದಕ್ಕೆ ಮುಂಚೆ ನಾನೇ ಅವನ ಊರಿಗೆ ಹೋಗಿ, ನೋಟರಿ ಹತ್ತಿರ ಕರೆದುಕೊಂಡು ಹೋಗಿ ಸಹಿ ಮಾಡಿಸುತ್ತೇನೆ. ಅಲ್ಲಿಂದಲೇ ಬಂಡಲ್ ಸ್ಪೀಡ್ ಪೋಸ್ಟ್‌ಗೆ.