ಎಳೆ ಎಣಿಸುವ ಕೆಲಸ: ಗೋಬಿ ದಾಖಲೆ, ಕಂತು 7

ಗೋಬಿ ಎಂದರೆ ಹೂಕೋಸಲ್ಲ, ಪುಟ್ಟ ಮೀನು. ಹೊಟ್ಟೆಯಡಿಯ ಎರಡು ಈಜುರೆಕ್ಕೆ ಕೂಡಿ ಬಟ್ಟಲಾಗಿದ್ದರೆ ಸಾಮಾನ್ಯವಾಗಿ ಗೋಬಿ. ಇದು ನಿಮಗೆಲ್ಲ ಗೊತ್ತು, ಮುಂದೆ ಹೋಗೋಣ.

ಮೂರು ವಾರದಿಂದ ನನ್ನನ್ನು ಗೋಳು ಹೊಯ್ದುಕೊಂಡದ್ದು ಬ್ಯಾಥಿಗೋಬಿಯಸ್ ಕುಲದ ಗೋಬಿ. ಕಡಲು ಇಳಿದಾಗ ಬಂಡೆಗಳ ನಡುವೆ ನೀರು ನಿಲ್ಲುವ ಗುಂಡಿಗಳ ಕಂದು ಮಚ್ಚೆಯ ಮೀನು. ಕುಲ ಹೇಳಲು ಅರ್ಧ ನಿಮಿಷ ಸಾಕು: ಭುಜದ ರೆಕ್ಕೆಯ ಮೇಲಂಚಿನ ಕಡ್ಡಿಗಳು ಪೊರೆಯಿಂದ ಬಿಡಿಸಿಕೊಂಡು ರೇಷ್ಮೆ ಎಳೆಯಂತೆ ಇರುತ್ತವೆ. ಪ್ರಭೇದ ಹೇಳಬೇಕಾದರೆ ಆ ಎಳೆಗಳನ್ನು ಎಣಿಸಬೇಕು, ಪಕ್ಕದ ಹುರುಪೆ ಸಾಲನ್ನೂ ಎಣಿಸಬೇಕು, ಗದ್ದದಡಿಯ ಮಡಿಕೆ ನೋಡಬೇಕು. ಬಣ್ಣ ನಂಬೋಣವೆಂದರೆ ಬಿಳಿ ತಟ್ಟೆಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಮೀನು ಮಾಸಲಾಗುತ್ತದೆ.

ಒಂದೇ ಮೀನಿನ ಫೋಟೊಗಳಲ್ಲಿ ಸೋಮವಾರ ಮೂರು ಎಳೆ, ಮಂಗಳವಾರ ಆರು, ಬುಧವಾರ ಐದು. ಮೀನು ಬದಲಾಗಿರಲಿಲ್ಲ, ನನ್ನ ತಲೆ ಕೆಟ್ಟಿತ್ತು.

ಎಡವಟ್ಟು ನನ್ನ ಅಂಗೈಯಲ್ಲಿತ್ತು. ಮೀನನ್ನು ಅಂಗೈ ಮೇಲಿಟ್ಟು ಫೋಟೊ ತೆಗೆಯುತ್ತಿದ್ದೆ. ಎಳೆಗಳೆಲ್ಲ ಒದ್ದೆ ಕೂದಲಂತೆ ಅಂಟಿಕೊಳ್ಳುತ್ತಿದ್ದವು. ನಿನ್ನೆ ಇಳಿತದಲ್ಲಿ ಕಿರಿದಾದ ಗಾಜಿನ ಪೆಟ್ಟಿಗೆಗೆ ಗುಂಡಿಯದೇ ನೀರು ತುಂಬಿ, ಮೀನು ಬಿಟ್ಟು, ಹಿಂದಿನಿಂದ ಸ್ಪಂಜು ಒತ್ತಿ ಮೆಲ್ಲಗೆ ಮುಂಗಾಜಿಗೆ ತಂದೆ. ಹಿಂದೆ ಕಪ್ಪು ರಟ್ಟು, ಮೇಲಿನಿಂದ ಓರೆಯಾಗಿ ಟಾರ್ಚು. ರೆಕ್ಕೆ ಬಿಚ್ಚಿತು, ಎಳೆಗಳು ಒಂದೊಂದಾಗಿ ಎದ್ದವು. ನಾಲ್ಕು. ಮತ್ತೆ ಎಣಿಸಿದರೂ ನಾಲ್ಕೇ. ಎರಡು ಎಳೆಗಳ ತುದಿ ಕವಲೊಡೆದಿತ್ತು. ಇಷ್ಟು ದಿನ ಆ ಕವಲುಗಳನ್ನೇ ಬೇರೆ ಎಳೆಗಳೆಂದು ಲೆಕ್ಕಕ್ಕೆ ಹಿಡಿದಿದ್ದೆ!

ಪೆಟ್ಟಿಗೆಯದು ಬೇರೆಯೇ ಪುರಾಣ. ಸೋರುವುದೇ ಇಲ್ಲ ಎಂದು ಮಾರಿದವರು ಕಳಿಸಿದ್ದು ಮೂಲೆಯಿಂದ ಹನಿಯುತ್ತಿತ್ತು. ದೂರಿದರೆ "ನೀರು ಸ್ವಲ್ಪ ಕಮ್ಮಿ ಹಾಕಿ" ಅಂದರು. ಕೊನೆಗೆ ಸಿಲಿಕಾನ್ ಮೆತ್ತಿದ್ದು ನಾನೇ.

ಆಮೇಲೆ ಹೊಟ್ಟೆ ಉರಿಯುವ ಕೆಲಸ. ಮೀನು ಸಿಕ್ಕ ಗುಂಡಿಗಳನ್ನು ಗುರುತಿಸಿಟ್ಟ ನನ್ನ ನಕ್ಷೆಯಲ್ಲಿದ್ದ 41 ಚುಕ್ಕಿಗಳಲ್ಲಿ 26ಕ್ಕೆ ಬರೀ ಅಂಗೈ ಫೋಟೊ. ಅಷ್ಟರ ಪ್ರಭೇದವನ್ನೂ ಅಳಿಸಿ ಕುಲಕ್ಕೆ ಇಳಿಸಿದೆ. ಅಕ್ಷಾಂಶ ರೇಖಾಂಶ ಅದಲುಬದಲಾಗಿ ಇನ್ನೆರಡು ಮೀನು ಎಲ್ಲಿಗೋ ವಲಸೆ ಹೋಗಿದ್ದವು, ವಾಪಸ್ ಕರೆತಂದೆ. ಹುಡುಕಿಯೂ ಮೀನು ಸಿಗದ ಗುಂಡಿಗಳನ್ನು, ಎಷ್ಟು ನಿಮಿಷ ಹುಡುಕಿದೆ ಎಂಬುದರ ಜತೆಗೆ, ಈಗಿನಿಂದ ಬರೆದಿಡುತ್ತೇನೆ. ಇಲ್ಲದಿದ್ದರೆ ಖಾಲಿ ಜಾಗದಲ್ಲಿ ಮೀನಿಲ್ಲವೋ, ನಾನೇ ಹೋಗಿಲ್ಲವೋ ತಿಳಿಯುವುದಿಲ್ಲ.

ಜಪಾನಿನ ಅಕಿಹಿತೊ ಯುವರಾಜರಾಗಿದ್ದಾಗಲೇ, 1963ರಲ್ಲಿ, ಗೋಬಿಗಳ ಭುಜದ ಎಲುಬಿನ ಮೇಲೆ ಪ್ರಬಂಧ ಬರೆದಿದ್ದರು. ಸಿಂಹಾಸನ ಕಾದಿದ್ದವರಿಗೇ ಅಷ್ಟು ವ್ಯವಧಾನವಿತ್ತು, ನನಗೇನು ಧಾಡಿ?

ಇದರ ನಡುವೆಯೇ ಪಿಸ್ತೂಲು ಸಿಗಡಿಯ ಜತೆ ಬಿಲ ಹಂಚಿಕೊಳ್ಳುವ ಗೋಬಿಗಳ ಹುಚ್ಚು ಹತ್ತಿದೆ. ಸಿಗಡಿಗೆ ಕಣ್ಣು ಮಂದ. ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಮಣ್ಣು ಹೊರುತ್ತದೆ, ಮೀನು ಬಾಲ ಅದುರಿಸಿದರೆ ಒಳಗೆ ಓಟ. ಬಿಲದ ಬಾಯಿಗೆ ಪುಟ್ಟ ಕ್ಯಾಮೆರಾ ಹೂಡುವ ಚಿತ್ರ ಆಗಲೇ ಬರೆದಾಯ್ತು.

ಮೊದಲು ಆ 26 ಗುಂಡಿ. ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಹೊರಡಬೇಕು. ಸ್ಪಂಜಿನ ಅರ್ಧವನ್ನು ಏಡಿ ಕಿತ್ತುಕೊಂಡು ಹೋಗಿದೆ, ಹೊಸದು ಕತ್ತರಿಸಿಕೊಳ್ಳಬೇಕು.