ಉದ್ಘಾಟನೆಗೆ ಎಲ್ಲರೂ ಬರುತ್ತಾರೆ, ಸ್ಟೋರ್‌ರೂಮಿಗೆ ಯಾರು ಬರುತ್ತಾರೆ?

ಸಣ್ಣ ಇತಿಹಾಸ ಸಂಘಗಳಿಗೂ ಅವು ನಡೆಸುವ ಸಮುದಾಯ ಮ್ಯೂಸಿಯಂಗಳಿಗೂ ನೆರವಾಗುವುದು ನನ್ನ ಕೆಲಸ. ಹುದ್ದೆಯ ಹೆಸರು ದೊಡ್ಡದು, ಕೆಲಸ ಬಹುಪಾಲು ಧೂಳಿನದು. ಸಂಬಳ ಕೊಟ್ಟು ಒಬ್ಬರನ್ನೂ ಇಟ್ಟುಕೊಳ್ಳಲಾಗದ ಸಂಘಗಳು ಇವು. ನಿವೃತ್ತ ಮೇಷ್ಟ್ರು, ಲೆಕ್ಕದಲ್ಲಿ ಬಿಗಿ ಇರುವ ಖಜಾಂಚಿ, ರಜೆಯಲ್ಲಿ ಬಂದುಹೋಗುವ ಕಾಲೇಜು ಹುಡುಗರು, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿರುವ ಒಬ್ಬ ಕಾರ್ಯದರ್ಶಿ. ಬಳಗ ಅಂದರೆ ಇಷ್ಟೇ.

ಇವರಿಗೆ ಸಹಾಯ ಮಾಡುವ ಮನಸ್ಸು ಜನಕ್ಕೆ ಇಲ್ಲ ಅಂತಲ್ಲ. ಇದೆ. ಆದರೆ ಅದು ಹೊಸ ಶೋಕೇಸ್ ಆಗಿ ಬರುತ್ತದೆ, ಬಾಗಿಲ ಮೇಲಿನ ಬೋರ್ಡು ಆಗಿ ಬರುತ್ತದೆ. ರಿಜಿಸ್ಟರ್ ಬರೆಸುವುದಕ್ಕೆ ದುಡ್ಡು ಕೊಟ್ಟವರನ್ನು ನಾನು ಕಂಡಿದ್ದು ಅಪರೂಪ. ರಿಜಿಸ್ಟರಿಗೆ ರಿಬ್ಬನ್ ಕಟ್ಟಿ ಕತ್ತರಿಸೋಕೆ ಆಗಲ್ಲ, ಅಲ್ವಾ? ಆದರೆ ಇಷ್ಟು ವರ್ಷ ಇದರಲ್ಲೇ ಓಡಾಡಿ ನನಗೆ ಖಾತ್ರಿಯಾಗಿರುವುದು ಇದು: ಸಂಘಕ್ಕೆ ತುರ್ತಾಗಿ ಬೇಕಿರುವುದು ಸ್ಟೋರ್‌ರೂಮಿನಲ್ಲಿ ಕೂತು, ಒಂದೊಂದೇ ವಸ್ತು ಕೈಗೆತ್ತಿಕೊಂಡು, ಇದು ಯಾರದು, ಎಲ್ಲಿಂದ ಬಂತು, ಯಾರು ಬಳಸುತ್ತಿದ್ದರು ಅಂತ ಬರೆಯುವ ಜನ.

ಹೊಲಿಗೆ ಯಂತ್ರವನ್ನೇ ತೆಗೆದುಕೊಳ್ಳಿ. ಸಣ್ಣ ಮ್ಯೂಸಿಯಂಗಳಿಗೆ ಬೇಡ ಅಂದರೂ ಬಂದು ಬೀಳುವ ವಸ್ತು ಅದು. ಅದರ ಜೊತೆ ಟೈಪ್‌ರೈಟರ್, ರೇಡಿಯೋ. ಒಂದು ಸ್ಟೋರ್‌ರೂಮಿನಲ್ಲಿ ಸಿಂಗರ್ ಯಂತ್ರಗಳು ಸಾಲಾಗಿ ಕೂತಿದ್ದವು. ಯಂತ್ರ ಯಾವಾಗಿನದು ಅಂತ ತಿಳಿಯುವುದು ಕಷ್ಟವಲ್ಲ. ಸಿಂಗರ್ ಕಂಪನಿಯ ಸೀರಿಯಲ್ ನಂಬರ್ ನೋಡಿದರೆ ಯಾವ ಕಾರ್ಖಾನೆ, ಸುಮಾರು ಯಾವ ವರ್ಷ ಅಂತ ಪಟ್ಟಿ ಹೇಳುತ್ತದೆ. ಆದರೆ ಆ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ. ಗಂಡ ತೀರಿಕೊಂಡ ಮೇಲೆ ಈ ಯಂತ್ರ ತುಳಿದು ನಾಲ್ಕು ಮಕ್ಕಳನ್ನು ಓದಿಸಿದ ಹೆಂಗಸಿನ ವಿಚಾರ ಯಾವ ಪಟ್ಟಿಯಲ್ಲೂ ಸಿಗಲ್ಲ. ಅದು ಯಂತ್ರ ತಂದುಕೊಟ್ಟ ಮಗಳ ಬಾಯಲ್ಲಿತ್ತು. ಕಾರ್ಯದರ್ಶಿಗಳು ಕೇಳಿಸಿಕೊಂಡಿದ್ದರು, ಬರೆದಿರಲಿಲ್ಲ. ಸಾಲಿನಲ್ಲಿದ್ದ ಯಾವ ಯಂತ್ರ ಆ ಹೆಂಗಸಿನದು ಅಂತ ನಾನು ಕೇಳಿದಾಗ ಅವರು ಒಂದರ ಮುಂದೆ ನಿಂತರು, ಆಮೇಲೆ ಇನ್ನೊಂದರ ಮುಂದೆ ನಿಂತರು. ‘ಇದೇ ಇರಬೇಕು ಮೇಡಂ’ ಅಂದರು. ಅಲ್ಲಿಗೆ ಮುಗಿಯಿತು. ‘ಇರಬೇಕು’ ಅಂತ ಕಾರ್ಡಿನಲ್ಲಿ ಬರೆದು ಜನರ ಮುಂದೆ ಇಡೋಕೆ ಆಗುತ್ತದಾ?

ವಸ್ತುವಿಗೆ ನಂಬರ್ ಬೇಕಾಗುವುದು ಇದಕ್ಕೇ. ಪದ್ಧತಿ ಬಹಳ ಸರಳ. 2019.14.3 ಅಂತ ಇದ್ದರೆ, 2019ರಲ್ಲಿ ಬಂದದ್ದು, ಆ ವರ್ಷದ ಹದಿನಾಲ್ಕನೇ ದೇಣಿಗೆ, ಆ ದೇಣಿಗೆಯ ಮೂರನೇ ವಸ್ತು. ಅದೇ ನಂಬರ್ ರಿಜಿಸ್ಟರಿನಲ್ಲಿ, ಅದೇ ವಸ್ತುವಿನ ಮೇಲೆ. ವಸ್ತುವಿನ ಮೇಲೆ ಬರೆಯುವುದು ಅಂದ ತಕ್ಷಣ ಜನ ಉಗುರುಬಣ್ಣ ಅಥವಾ ಕರೆಕ್ಷನ್ ಫ್ಲೂಯಿಡ್ ಬಾಟಲಿ ತೆಗೆಯುತ್ತಾರೆ. ಎರಡೂ ಬೇಡ. ಉಗುರುಬಣ್ಣ ಕಾಲ ಕಳೆದಂತೆ ಹಳದಿಯಾಗಿ ಎದ್ದುಬರುತ್ತದೆ, ಜೊತೆಗೆ ನಂಬರೂ ಹೋಗುತ್ತದೆ. ಮ್ಯೂಸಿಯಂನವರು ಬಳಸುವುದು ಪ್ಯಾರಲಾಯ್ಡ್ ಬಿ-72 ಅನ್ನುವ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿದ ದ್ರಾವಣ. ಕಣ್ಣಿಗೆ ಬೀಳದ ಒಂದು ಮೂಲೆ ಒರೆಸಿ, ಬೆರಳುಗುರಿನಷ್ಟು ಜಾಗಕ್ಕೆ ತೆಳ್ಳಗೆ ಬಳಿಯಬೇಕು. ಪೂರ್ತಿ ಒಣಗಲು ಬಿಡಬೇಕು. ಅದರ ಮೇಲೆ ಪಿಗ್ಮೆಂಟ್ ಇಂಕಿನ ಸಣ್ಣ ಪೆನ್ನಿನಲ್ಲಿ ನಂಬರ್. ಮೇಲೆ ಇನ್ನೊಂದು ಪದರ. ಮುಂದೆ ತೆಗೆಯಬೇಕೆಂದರೆ ಅಸಿಟೋನ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಸಾಕು, ಲೋಹಕ್ಕಾಗಲಿ ಪಿಂಗಾಣಿಗಾಗಲಿ ಏನೂ ಆಗಲ್ಲ. ಪ್ಲಾಸ್ಟಿಕ್‌ಗೆ, ಬಣ್ಣ ಬಳಿದ ವಸ್ತುವಿಗೆ ಮಾತ್ರ ಇದು ನಡೆಯಲ್ಲ, ಅಸಿಟೋನ್ ಅದನ್ನೇ ಕರಗಿಸಿಬಿಡುತ್ತದೆ. ಅಂಥವಕ್ಕೆ ದಾರ ಕಟ್ಟಿದ ಚೀಟಿ. ಬಟ್ಟೆಗೆ ಹತ್ತಿಯ ಪಟ್ಟಿಯಲ್ಲಿ ನಂಬರ್ ಬರೆದು ಎರಡು ಹೊಲಿಗೆ. ಕಾಗದಕ್ಕೆ ಮೆತ್ತನೆ ಪೆನ್ಸಿಲ್.

ಕಾಗದದ ಮಾತು ಬಂತು, ಒಂದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಲ್ಯಾಮಿನೇಷನ್ ಮಾಡಿಸಬೇಡಿ. ಹಳೇ ಪತ್ರ, ಹಳೇ ಪ್ರಮಾಣಪತ್ರ ಹಾಳಾಗದಿರಲಿ ಅಂತ ಒಳ್ಳೆ ಮನಸ್ಸಿನಿಂದಲೇ ಮಾಡಿಸುತ್ತಾರೆ. ಬಿಸಿಗೆ ಪ್ಲಾಸ್ಟಿಕ್ ಕಾಗದದ ನಾರಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸುವ ದಾರಿ ಇಲ್ಲದ ಹಾಗೇ. ಸೆಲ್ಲೋಟೇಪ್ ಕೂಡ ಅದೇ ಜಾತಿ, ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಪಾಲಿಯೆಸ್ಟರ್ ಕವರಿನೊಳಗೆ ಸುಮ್ನೆ ಜಾರಿಸಿ ಇಟ್ಟರೆ ಸಾಕು.

ಫೋಟೋಗಳದ್ದು ಬೇರೆಯೇ ಕಥೆ. ಸಂಘಗಳಲ್ಲಿ ವಸ್ತುಗಳಿಗಿಂತ ಫೋಟೋಗಳೇ ಜಾಸ್ತಿ. ಅದರಲ್ಲೂ ಗ್ರೂಪ್ ಫೋಟೋ: ಶಾಲೆಯದು, ಕಾರ್ಖಾನೆಯದು, ಆಟದ ತಂಡದ್ದು. ಹಿಂದೆ ಏನೂ ಬರೆದಿರುವುದಿಲ್ಲ. ನನಗೆ ತುಂಬ ಇಷ್ಟವಾದ ಕೆಲಸ ಇದರಲ್ಲೇ ಇದೆ. ಮೂಲ ಫೋಟೋ ಮುಟ್ಟುವುದಿಲ್ಲ, ಸ್ಕ್ಯಾನ್ ಮಾಡಿ ದೊಡ್ಡ ಪ್ರಿಂಟ್ ತೆಗೆಯುತ್ತೇವೆ. ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಪ್ರತಿ ತಲೆಯ ಸುತ್ತ ಗೆರೆ ಎಳೆದು ನಂಬರ್ ಕೊಡುತ್ತೇವೆ. ಆಮೇಲೆ ಹಿರಿಯರನ್ನು ಕೂರಿಸುತ್ತೇವೆ. ಒಬ್ಬೊಬ್ಬರನ್ನೇ ಕೂರಿಸಬೇಕು, ಇದು ಮುಖ್ಯ. ನಾಲ್ಕು ಜನ ಒಟ್ಟಿಗೆ ಕೂತರೆ ಗಟ್ಟಿ ದನಿಯವರು ಹೇಳಿದ್ದೇ ಎಲ್ಲರ ನೆನಪಾಗಿಬಿಡುತ್ತದೆ. ‘ಹನ್ನೊಂದನೇದು ನಮ್ಮಣ್ಣ’ ಅಂತ ಒಬ್ಬ ಅಜ್ಜಿ ಹೇಳಿದರು. ಮರುದಿನ ಇನ್ನೊಬ್ಬರು ಬಂದು ‘ಅಯ್ಯೋ, ಅವನಲ್ಲ ಬಿಡಿ, ಅವನು ಆ ವರ್ಷ ಶಾಲೆಗೇ ಬಂದಿಲ್ಲ’ ಅಂದರು. ಯಾರು ಸರಿ ಅಂತ ತೀರ್ಪು ಕೊಡುವುದು ನಮ್ಮ ಕೆಲಸ ಅಲ್ಲ. ಎರಡನ್ನೂ ಬರೆಯುತ್ತೇವೆ, ಯಾರು ಯಾವ ತಾರೀಕು ಹೇಳಿದರು ಅನ್ನುವುದರ ಜೊತೆಗೆ. ಆ ಅಜ್ಜಿ ಹೊರಡುವ ಮೊದಲು ಅಣ್ಣ ಊರು ಬಿಟ್ಟು ಹೋಗಿದ್ದರ ಬಗ್ಗೆ ಹೇಳತೊಡಗಿದರು. ಒಪ್ಪಿಗೆ ಕೇಳಿ ರೆಕಾರ್ಡರ್ ಆನ್ ಮಾಡಿದೆವು. ಅಂಥ ದಿನ ಶೋಕೇಸ್ ಖಾಲಿ ಇದ್ದರೂ ಏನೂ ಅನ್ನಿಸಲ್ಲ.

ದೇಣಿಗೆ ಕಾಗದದ ವಿಷಯಕ್ಕೆ ಬಂದರೆ ಸಂಘದವರಿಗೆ ಸಂಕೋಚ. ಮನೆಗೆ ಬಂದು ಪ್ರೀತಿಯಿಂದ ಕೊಡುವವರ ಮುಂದೆ ಸಹಿ ಹಾಕಿ ಅಂತ ಕಾಗದ ಹಿಡಿಯುವುದು ಹೇಗೆ? ಹಿಡಿಯಲೇಬೇಕು. ಕೊಟ್ಟವರು ಹೋದ ಮೇಲೆ ಮಕ್ಕಳು ಬರುತ್ತಾರೆ. ‘ಅಪ್ಪ ಸುಮ್ನೆ ಇಡೋಕೆ ಕೊಟ್ಟಿದ್ರು’ ಅನ್ನುತ್ತಾರೆ. ಅವರು ಹೇಳುವುದು ನಿಜವೂ ಇರಬಹುದು. ದೇಣಿಗೆಯೋ ಎರವಲೋ ಅಂತ ಒಂದು ಹಾಳೆಯಲ್ಲಿದ್ದರೆ ಯಾರ ಮನಸ್ಸೂ ಕೆಡುವುದಿಲ್ಲ. ಎರವಲಾದರೆ ವಾಪಸ್ ಕೊಡುವ ದಿನಾಂಕ ಇರಲೇಬೇಕು. ಪತ್ರ, ಡೈರಿಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಕಾಗದ ಸಂಘಕ್ಕೆ ಬಂದರೂ ಅದರಲ್ಲಿ ಬರೆದದ್ದರ ಹಕ್ಕು ತಾನಾಗಿಯೇ ಬರುವುದಿಲ್ಲ. ಪ್ರಕಟಿಸಬೇಕೆಂದರೆ ಅದನ್ನೂ ಆಗಲೇ ಕೇಳಿಟ್ಟುಕೊಳ್ಳಬೇಕು.

ಮತ್ತೆ, ಬೇಡ ಅನ್ನುವುದು. ಇದನ್ನು ಸಂಘದವರಿಗೆ ಕಲಿಸುವುದೇ ನನ್ನ ಕೆಲಸದಲ್ಲಿ ಅತಿ ಕಷ್ಟದ್ದು. ಏನನ್ನು ತೆಗೆದುಕೊಳ್ಳುತ್ತೇವೆ, ಏನನ್ನು ತೆಗೆದುಕೊಳ್ಳುವುದಿಲ್ಲ ಅಂತ ಒಂದು ಪುಟದ ನಿಯಮ ಬರೆದು ಕಾರ್ಯಕಾರಿ ಸಮಿತಿಯಲ್ಲಿ ಪಾಸು ಮಾಡಿಸಿ ಅನ್ನುತ್ತೇನೆ. ಆಗ ಇನ್ನೊಂದು ಹೊಲಿಗೆ ಯಂತ್ರ ಬಾಗಿಲಿಗೆ ಬಂದಾಗ ಕಾರ್ಯದರ್ಶಿ ಕೆಟ್ಟವರಾಗಬೇಕಿಲ್ಲ. ‘ಸಮಿತಿ ನಿಯಮ ಸರ್, ಏನ್ ಮಾಡೋದು’ ಅಂದರೆ ಆಯಿತು. ಯಂತ್ರ ಬೇಡ ಅಂದರೂ ಅದನ್ನು ತುಳಿದವರ ಕಥೆ ಬರೆದುಕೊಳ್ಳಬಹುದು. ಕಥೆಗೆ ಜಾಗ ಬೇಕಿಲ್ಲ.

ಜಾಗದ್ದೇ ದೊಡ್ಡ ತಲೆನೋವು. ಇದು ಸಣ್ಣ ಸಂಘಗಳ ಬಡತನ ಮಾತ್ರ ಅಂದುಕೊಳ್ಳಬೇಡಿ. ಯುನೆಸ್ಕೋ ಮತ್ತು ಐಕ್ರಾಮ್ (ಪರಂಪರೆಯ ವಸ್ತು, ಕಟ್ಟಡಗಳನ್ನು ಉಳಿಸುವ ಕೆಲಸಕ್ಕೆ ಇರುವ ಅಂತರರಾಷ್ಟ್ರೀಯ ಸಂಸ್ಥೆ) ಸೇರಿ 2011ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಜಗತ್ತಿನ ಮ್ಯೂಸಿಯಂ ಸ್ಟೋರ್‌ರೂಮುಗಳಲ್ಲಿರುವ ಸಂಗ್ರಹಗಳಲ್ಲಿ ಸುಮಾರು ಶೇ. 60ರಷ್ಟು ಅಪಾಯದಲ್ಲಿವೆ ಅಂತ ಕಂಡುಬಂತು. ಐಕ್ರಾಮ್ ಇದಕ್ಕೆಂದೇ ರೀ-ಆರ್ಗ್ ಅನ್ನುವ ವಿಧಾನ ಮಾಡಿದೆ, ಹತ್ತು ಸಾವಿರದೊಳಗೆ ವಸ್ತುಗಳಿರುವ ಸಣ್ಣ ಮ್ಯೂಸಿಯಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರ ಅಳತೆಗೋಲು ನನಗೆ ಬಹಳ ಇಷ್ಟ. ಯಾವ ವಸ್ತು ಕೇಳಿದರೂ ಮೂರು ನಿಮಿಷದೊಳಗೆ ಸಿಗಬೇಕು. ಅದನ್ನು ತೆಗೆಯೋಕೆ ಬೇರೆ ಎರಡಕ್ಕಿಂತ ಜಾಸ್ತಿ ವಸ್ತು ಸರಿಸುವ ಹಾಗಿರಬಾರದು. ಹೊಸ ಸಂಘಕ್ಕೆ ಹೋದಾಗ ನಾನು ಮಾಡುವ ಮೊದಲ ಕೆಲಸ ಇದೇ. ರಿಜಿಸ್ಟರಿನಲ್ಲಿ ಕಣ್ಣುಮುಚ್ಚಿ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇದನ್ನು ತೋರಿಸ್ತೀರಾ?’ ಅನ್ನುತ್ತೇನೆ. ಆಮೇಲೆ ಉಲ್ಟಾ: ಕಪಾಟಿನಿಂದ ಯಾವುದೋ ಒಂದು ವಸ್ತು ತೆಗೆದು ಅದರ ಸಾಲು ತೋರಿಸಿ ಅನ್ನುತ್ತೇನೆ. ಎರಡನೇ ಪರೀಕ್ಷೆಯಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು.

ತೇವ, ಬೆಳಕು, ಹುಳ ಇವುಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಗಾಳಿಯ ತೇವಾಂಶ ಶೇ. 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರುತ್ತದೆ, ಹಾಗಾಗಿ ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ, ಪೆಟ್ಟಿಗೆಗಳನ್ನು ನೆಲದ ಮೇಲೆ ಇಡಬೇಡಿ. ಬಟ್ಟೆ, ಕಾಗದ, ಕಲರ್ ಫೋಟೋಗಳಿಗೆ 50 ಲಕ್ಸ್ ಬೆಳಕು ಸಾಕು. ಮಾಸಿದ ಬಣ್ಣ ವಾಪಸ್ ಬರಲ್ಲ, ಹಾಗಾಗಿ ಪ್ರದರ್ಶನಕ್ಕೆ ಇಟ್ಟದ್ದನ್ನು ಆಗಾಗ ಬದಲಿಸಿ. ಹುಳ ಹಿಡಿದ ಬಟ್ಟೆಯನ್ನು ಗಾಳಿಯಾಡದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಔಷಧಿ ಹೊಡೆಯುವ ಗೋಜೇ ಇಲ್ಲ.

ಇಷ್ಟೆಲ್ಲ ಅಚ್ಚುಕಟ್ಟು ಯಾಕೆ, ನೋಡೋಕೆ ಜನ ಬಂದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಜನ ಬರುವುದು ತಮ್ಮ ವಿಷಯ ಅಲ್ಲಿದ್ದರೆ. ಅಮೆರಿಕದ ವಾಷಿಂಗ್ಟನ್‌ನಲ್ಲಿ 1967ರಲ್ಲಿ ಒಂದು ಹಳೇ ಸಿನಿಮಾ ಥಿಯೇಟರಿನಲ್ಲಿ ಅನಕೋಸ್ಟಿಯಾ ನೆರೆಹೊರೆಯ ಮ್ಯೂಸಿಯಂ ಶುರುವಾಯಿತು. ಎರಡು ವರ್ಷದ ಮೇಲೆ, 1969ರಲ್ಲಿ, ಅದು ಮಾಡಿದ ಹೆಸರಾಂತ ಪ್ರದರ್ಶನದ ವಿಷಯ ಇಲಿಗಳು. ಆ ಬಡಾವಣೆಯವರನ್ನು ದಿನಾ ಕಾಡುತ್ತಿದ್ದದ್ದು ಇಲಿಗಳೇ. ಅಂಥ ಪ್ರದರ್ಶನಕ್ಕೆ ಬೇಕಾದ ವಿಷಯ ಪುರಾತನ ವಸ್ತುಗಳ ಅಂಗಡಿಯಲ್ಲಿ ಸಿಗಲ್ಲ, ಅಕ್ಕಪಕ್ಕದವರ ಮಾತಿನಲ್ಲಿ ಸಿಗುತ್ತದೆ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2022ರಲ್ಲಿ ಮ್ಯೂಸಿಯಂ ಅಂದರೆ ಏನು ಅನ್ನುವ ವಿವರಣೆಯನ್ನು ಬದಲಿಸಿದಾಗ ಸಮುದಾಯಗಳ ಭಾಗವಹಿಸುವಿಕೆಯನ್ನೂ ಅದರಲ್ಲಿ ಸೇರಿಸಿತು. ಅಜ್ಜಿಯ ರೆಕಾರ್ಡಿಂಗ್ ಇಟ್ಟುಕೊಂಡ ಸಂಘಗಳು ಆ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿವೆ.

ಕಂಪ್ಯೂಟರ್ ಬಂದ ಮೇಲೆ ಹೊಸದೊಂದು ಕಷ್ಟ ಸೇರಿಕೊಂಡಿದೆ. ಪಾಸ್‌ವರ್ಡ್ ಒಬ್ಬರ ಹತ್ತಿರ, ಸ್ಕ್ಯಾನ್‌ಗಳೆಲ್ಲ ಅವರ ಮನೆಯ ಲ್ಯಾಪ್‌ಟಾಪಿನಲ್ಲಿ. ಅವರು ಹುಷಾರು ತಪ್ಪಿದರೆ ಸಂಘವೇ ನಿಲ್ಲುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಪಾಸ್‌ವರ್ಡುಗಳನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ ಖಜಾಂಚಿಯ ಕಪಾಟಿನಲ್ಲಿಡಿ. ರಿಜಿಸ್ಟರನ್ನು ಮಾತ್ರ ಗಟ್ಟಿ ಬೈಂಡಿನ ಪುಸ್ತಕದಲ್ಲಿ ಕೈಯಲ್ಲೂ ಬರೆದಿಡಿ ಅನ್ನುತ್ತೇನೆ. ಹುಡುಗರು ನಗುತ್ತಾರೆ. ನಗಲಿ. ಆ ಪುಸ್ತಕಕ್ಕೆ ಪಾಸ್‌ವರ್ಡ್ ಬೇಕಿಲ್ಲ.

ನಿಮ್ಮ ಹತ್ತಿರದ ಸಂಘಕ್ಕೆ ಏನಾದರೂ ಮಾಡಬೇಕು ಅನ್ನಿಸಿದರೆ ಕಾರ್ಯದರ್ಶಿಯನ್ನು ಹುಡುಕಿ, ರಿಜಿಸ್ಟರ್ ಯಾವ ವರ್ಷಕ್ಕೆ ನಿಂತಿದೆ ಅಂತ ಕೇಳಿ. ಅವರು ಸ್ವಲ್ಪ ಮುಜುಗರಪಟ್ಟು ಒಂದು ಇಸವಿ ಹೇಳುತ್ತಾರೆ. ಅಲ್ಲಿಂದ ಮುಂದಿನ ಪೆಟ್ಟಿಗೆ ಯಾವುದು ಅಂತ ಕೇಳಿ ಕೂತುಬಿಡಿ. ಪೆನ್ಸಿಲ್ ಮಾತ್ರ ನೀವೇ ತನ್ನಿ, ಅಲ್ಲಿ ಇರುವುದಕ್ಕೆ ಮೊನೆ ಇರಲ್ಲ.