ಅರ್ಧ ಚರಂಡಿ

ಮಂಗಳವಾರ ಶಾಲೆಯ ಅಂಗಳದಲ್ಲಿ ನಡೆದ ಗ್ರಾಮಸಭೆ ಮುಗಿದು ನಾಲ್ಕು ದಿನವಾದರೂ ಅಲ್ಲಿ ಕೇಳಿದ ಒಂದು ಮಾತು ಕಿವಿಯಲ್ಲೇ ಉಳಿದಿದೆ. ನಮ್ಮ ಬೀದಿಯ ಚರಂಡಿಗೆಂದು ತೆಗೆದಿಟ್ಟಿದ್ದ 2 ಲಕ್ಷ ರೂಪಾಯಿಯಲ್ಲಿ ಅರ್ಧವನ್ನು ಮೇಲಿನ ಹಟ್ಟಿಯ ಕುಡಿಯುವ ನೀರಿನ ಕೊಳವೆಗೆ ಬಿಟ್ಟುಕೊಡಲು ನಮ್ಮ ವಾರ್ಡಿನ ಸದಸ್ಯೆ ಒಪ್ಪಿದ್ದರು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, "ವೋಟು ಹಾಕಿದವರು ನಾವು. ನಮ್ಮನ್ನು ಕೇಳದೆ ರಾಜಿಯಾದೆಯಾ?" ಎಂದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ, "ಕೇಳುವುದಕ್ಕೇ ಸಭೆ ಕರೆದದ್ದು ಅಣ್ಣಾ. ಬೇಡವೆನ್ನುವವರು ಹಟ್ಟಿಯವರ ಮುಖ ನೋಡಿ ಬೇಡವೆನ್ನಿ" ಎಂದರು.

ಹಟ್ಟಿಯವರು ಬೇವಿನ ಮರದಡಿ ಕುಳಿತಿದ್ದರು. ಯಾರೂ ಬೇಡವೆನ್ನಲಿಲ್ಲ.

ಆ ಹಿರಿಯರು ಸಣ್ಣತನದ ಮನುಷ್ಯರಲ್ಲ. ಚರಂಡಿಗಾಗಿ ಮೂರು ವರ್ಷ ಅರ್ಜಿ ಹಿಡಿದು ಅಲೆದವರು, ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಇಷ್ಟೆಲ್ಲ ನಡೆಯುವಾಗ ತುಟಿ ಬಿಚ್ಚದೆ ಮೊಬೈಲಿನಲ್ಲಿ ಮುಳುಗಿದ್ದ ಅಧ್ಯಕ್ಷರ ನಡೆ ಮಾತ್ರ ನನಗೆ ಸರಿಕಾಣಲಿಲ್ಲ.

ಹಿಂದೆ ಎರಡು ಸಲ ಹಟ್ಟಿಯ ಕೊಳವೆ ಕಾಮಗಾರಿ ಪಟ್ಟಿಯಿಂದ ಬಿದ್ದುಹೋದಾಗಲೂ ಅದನ್ನು ಹೊಂದಾಣಿಕೆ ಎಂದೇ ಕರೆದಿದ್ದರು, ಆದರೆ ಆ ಮಾತುಕತೆ ನಡೆದ ಕೋಣೆಯಲ್ಲಿ ಹಟ್ಟಿಯ ಒಬ್ಬರೂ ಇರಲಿಲ್ಲ. ತನ್ನವರ ಪಾಲಿನಿಂದ ಬಿಟ್ಟುಕೊಡುವುದು ಬೇರೆ, ಎದುರಿಗಿಲ್ಲದವರ ಪಾಲನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಬೇರೆ. ಎರಡಕ್ಕೂ ನಾವು ರಾಜಿಯೆಂಬ ಒಂದೇ ಹೆಸರಿಟ್ಟಿರುವುದರಿಂದಲೇ ಆ ಪದ ಕೇಳಿದೊಡನೆ ಅನುಮಾನ ಪಡುತ್ತೇವೆ.

ಮುಖ ನೋಡಿ ಹೇಳಿ ಎಂಬ ಆಕೆಯ ಮಾತನ್ನು ಮೆಲುಕು ಹಾಕಿದಾಗಲೆಲ್ಲ ನನಗೆ ಸಂವಿಧಾನ ಸಭೆಯ ಭಾಷಾ ಚರ್ಚೆ ನೆನಪಾಗುತ್ತದೆ. ಹಿಂದಿಗಾಗಿ ಪಟ್ಟು ಹಿಡಿದವರೂ ಅದಕ್ಕೆ ಅಂಜಿದ ದಕ್ಷಿಣದವರೂ ಒಂದೇ ಸಭಾಂಗಣದಲ್ಲಿ ಕುಳಿತು, ಅಂಕಿಗಳ ರೂಪ ಯಾವುದಿರಬೇಕೆಂಬುದಕ್ಕೂ ಜಗಳವಾಡಿ, ಕೊನೆಗೆ 1949ರ ಸೆಪ್ಟೆಂಬರ್ 14ರಂದು ಸಭೆಯ ಸದಸ್ಯರಾದ ಕೆ. ಎಂ. ಮುನ್ಷಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರರ ಹೆಸರಿನ ಮುನ್ಷಿ–ಅಯ್ಯಂಗಾರ್ ಸೂತ್ರಕ್ಕೆ ಬಂದು ನಿಂತರು: ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಆಡಳಿತ ಭಾಷೆ, ಅಂಕಿಗಳು ಅಂತರರಾಷ್ಟ್ರೀಯ ರೂಪದವು, 15 ವರ್ಷ ಇಂಗ್ಲಿಷಿನ ಬಳಕೆಯೂ ಮುಂದುವರಿಕೆ. ಕನ್ನಡಿಗನಾಗಿ ಆ ಸೂತ್ರದ ಬಗ್ಗೆ ನನಗೆ ಇಂದಿಗೂ ತಕರಾರಿದೆ. ಆದರೆ ಯಾರು ಏನು ಕೇಳಿದರು, ಎಲ್ಲಿ ಬಗ್ಗಿದರು ಎಂಬುದು ನಡಾವಳಿಯಲ್ಲಿ ಅಚ್ಚಾಗಿರುವುದರಿಂದ ನನ್ನ ತಕರಾರಿಗೂ ಒಂದು ವಿಳಾಸವಿದೆ. ಆ ಅವಧಿ ಮುಗಿಯುವ ಮೊದಲೇ, 1963ರಲ್ಲಿ, ಸಂಸತ್ತು ಕಾಯ್ದೆ ಮಾಡಿ ಇಂಗ್ಲಿಷಿನ ಬಳಕೆಯನ್ನು ಮುಂದುವರಿಸಲು ಅವಕಾಶ ಕೊಟ್ಟದ್ದೂ ಅಂಥ ಬಹಿರಂಗ ಚರ್ಚೆಯಲ್ಲಿಯೇ.

ಗುರುವಾರ ಅಳತೆಗೆ ಬಂದವರು ಬೀದಿಯಲ್ಲಿ ಸುಣ್ಣದ ಗೆರೆ ಎಳೆದು ಹೋದರು. ಅದು ಆ ಹಿರಿಯರ ಮನೆಗೂ ನಮ್ಮ ಮನೆಗೂ ಮೊದಲೇ ನಿಂತಿದೆ. ಈ ಮಳೆಗಾಲದಲ್ಲಿಯೂ ಕೊಚ್ಚೆ ನಮ್ಮಿಬ್ಬರ ಹೊಸ್ತಿಲಿಗೆ ಬರುವುದು ಖಂಡಿತ. ಸಭೆಯಲ್ಲಿ ನಾನು ಬೇಡವೆನ್ನಲಿಲ್ಲ ನಿಜ, ಆದರೆ ಬೇಕೆಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಆಕೆಯೊಬ್ಬಳೇ ಬೈಸಿಕೊಂಡಳು. ನಾಳೆ ಬೆಳಿಗ್ಗೆ ಹಿರಿಯರ ಜಗಲಿಗೆ ಹೋಗಿ, ನನ್ನ ಒಪ್ಪಿಗೆಯೂ ಅದರಲ್ಲಿತ್ತೆಂದು ಅವರ ಮುಖ ನೋಡಿಯೇ ಹೇಳಬೇಕೆಂದಿದ್ದೇನೆ.